ಜಾರುವ ಬಟ್ಟೆಯಲ್ಲಿ ಶರ್ಟ್: ಗಂಜಿಯಿಂದ ಗುಂಡಿಯವರೆಗೆ

ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಹೊಲಿಗೆ ಕಲಿಯಲು ಬರುವವರು ಎರಡು ಕಾಟನ್ ಶರ್ಟ್ ಮುಗಿಸಿದ ಕೂಡಲೇ ಒಂದು ಸ್ಯಾಟಿನ್ ಪೀಸೋ, ಅಮ್ಮನ ಹಳೆ ಕ್ರೇಪ್ ಸೀರೆಯೋ ಹಿಡಿದು ಬರುತ್ತಾರೆ. ಮುಂದಿನ ವಾರ ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ. ಎಡಗಡೆ ಮುಂಭಾಗ ಬಲಗಡೆಗಿಂತ ಅರ್ಧ ಇಂಚು ಉದ್ದ. ಕಾಲರ್ ಕತ್ತಿಗೆ ಕೂರುವುದಿಲ್ಲ. ಬದಿಯ ಹೊಲಿಗೆ ಸುತ್ತಿಕೊಂಡು ಹೊಟ್ಟೆ ಮೇಲೆ ಬಂದಿದೆ.

ಎಲ್ಲರೂ ಮಷಿನ್ ಮೇಲೆ ಗೂಬೆ ಕೂರಿಸುತ್ತಾರೆ. ಬಿಚ್ಚಿ ಪೇಪರ್ ಮೇಲಿಟ್ಟು ನೋಡಿದರೆ ತಪ್ಪು ಕತ್ತರಿಸುವಾಗಲೇ ಆಗಿರುತ್ತದೆ. ಅದಕ್ಕೇ ಈ ಬರಹದಲ್ಲಿ ಅರ್ಧ ಭಾಗ ಮಷಿನ್ ಮುಟ್ಟುವ ಮೊದಲಿನ ಕೆಲಸ. ಅದನ್ನು ಹಾರಿಸಿ ನೇರ ಕಾಲರ್‌ಗೆ ಹೋಗಬೇಡಿ.

ಇಲ್ಲಿ ಹೇಳುವುದು ಸಾದಾ ಅರ್ಧ ತೋಳಿನ, ಸಡಿಲವಾದ, ಕಾಲರ್ ಇರುವ ಶರ್ಟ್. ಕಾಟನ್‌ನಲ್ಲಿ ಒಂದಾದರೂ ಶರ್ಟ್ ಹೊಲಿದಿರಬೇಕು. ಇಲ್ಲದಿದ್ದರೆ ಮೊದಲು ಅದನ್ನು ಮುಗಿಸಿ ಬನ್ನಿ.

## ಏನೇನು ಬೇಕು

ಬಟ್ಟೆ: 44 ಇಂಚು ಅಗಲದ್ದಾದರೆ 2.25 ಮೀಟರ್, 58 ಇಂಚಾದರೆ 1.6 ಮೀಟರ್. ಇದರ ಮೇಲೆ ಕಾಲು ಮೀಟರ್ ಜಾಸ್ತಿ ತನ್ನಿ. ತುದಿ ನೇರ ಮಾಡಲು, ಸ್ಯಾಂಪಲ್ ಹೊಲಿಯಲು ಅದು ಬೇಕೇ ಬೇಕು.

ಸೂಜಿ: ಮನೆ ಮಷಿನ್‌ನಲ್ಲಿ ಸಾಮಾನ್ಯವಾಗಿ 14 ಅಥವಾ 16 ನಂಬರ್ ಸೂಜಿ ಇರುತ್ತದೆ. ಅದನ್ನು ತೆಗೆದಿಡಿ. ರೇಯಾನ್, ಕ್ರೇಪ್‌ಗೆ 11 ನಂಬರ್. ತೆಳು ಸ್ಯಾಟಿನ್‌ಗೆ 9. ಹೊಸ ಸೂಜಿಯೇ ಆಗಬೇಕು, ಒಂದು ಶರ್ಟಿಗೆ ಒಂದು. ಅಂಗಡಿಯಲ್ಲಿ ಕೇಳುವಾಗ ಮನೆ ಮಷಿನ್ ಸೂಜಿ ಅಂತ ಹೇಳಿ. ಅದರ ಬುಡ ಒಂದು ಕಡೆ ಚಪ್ಪಟೆ ಇರುತ್ತದೆ. ಜುಕಿ ಥರದ ದೊಡ್ಡ ಮಷಿನ್ ಸೂಜಿಯ ಬುಡ ಪೂರ್ತಿ ಗುಂಡು, ನಮ್ಮದಕ್ಕೆ ಕೂರುವುದಿಲ್ಲ.

ದಾರ: ಸಣ್ಣ ಪಾಲಿಯೆಸ್ಟರ್ ದಾರ. ದಪ್ಪ ದಾರ ಹಾಕಿದರೆ ಹೊಲಿಗೆಯ ಉದ್ದಕ್ಕೂ ಸುಕ್ಕು ಕೂರುತ್ತದೆ.

ಕತ್ತರಿ: ಇದರಲ್ಲಿ ರಾಜಿ ಇಲ್ಲ. ಬೀದಿಯಲ್ಲಿ ಸಾಣೆಯವರು ಸೈಕಲ್ ತಳ್ಳಿಕೊಂಡು ಬಂದಾಗ ಹಿಡಿಸಿಟ್ಟುಕೊಳ್ಳಿ. ಸಾಣೆ ಆದ ಮೇಲೆ ಒದ್ದೆ ಟಿಶ್ಯೂ ಪೇಪರ್ ಮೇಲೆ ಆಡಿಸಿ ನೋಡಿ. ಎಳೆಯದೆ, ಜಗಿಯದೆ ತುದಿಯವರೆಗೆ ಕತ್ತರಿಸಿದರೆ ಸರಿ.

ಇನ್ನು ಸಣ್ಣ ತಲೆಯ ತೆಳು ಪಿನ್ನು, ಬೂದಿಬಣ್ಣದ ಹಾಳೆಯಂಥ ತೆಳು ಪೇಪರ್ ಅಥವಾ ಬಟರ್ ಪೇಪರ್, ತೆಳ್ಳಗಿನ ಅಂಟು ಕ್ಯಾನ್ವಾಸ್, ಅರ್ಧ ಮೀಟರ್ ಬಿಳಿ ಮಲ್‌ಮಲ್, ಚೂಪಾದ ಸೀಮೆಸುಣ್ಣ, ಭಾರಕ್ಕೆ ನಾಲ್ಕೈದು ಹಿತ್ತಾಳೆ ಲೋಟ. ನ್ಯೂಸ್ ಪೇಪರ್ ಬೇಡ. ಅದರ ಮಸಿ ತಿಳಿಬಣ್ಣದ ಬಟ್ಟೆಗೆ ಅಂಟುತ್ತದೆ.

## ಹಂತ 1: ಬಟ್ಟೆ ಯಾವುದು ಅಂತ ಗೊತ್ತು ಮಾಡಿಕೊಳ್ಳಿ

ಅಂಗಡಿಯಲ್ಲಿ ಹೊಳೆಯುವುದನ್ನೆಲ್ಲ ಸಿಲ್ಕ್ ಅಂತಲೇ ಕೊಡುತ್ತಾರೆ. ಇಸ್ತ್ರಿ ಎಷ್ಟು ಬಿಸಿ, ಗಂಜಿ ಹಿಡಿಯುತ್ತದೋ ಇಲ್ಲವೋ, ತೊಳೆದರೆ ಎಷ್ಟು ಕುಗ್ಗುತ್ತದೆ ಎಲ್ಲವೂ ನೂಲಿನ ಮೇಲೆ ನಿಂತಿದೆ. ಹಾಗಾಗಿ ಅಂಚಿನಿಂದ ನಾಲ್ಕೈದು ಎಳೆ ಕಿತ್ತು ಸುಟ್ಟು ನೋಡಿ. ಸಿಂಕ್ ಮೇಲೆ, ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಿ.

ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಪೇಪರ್ ಥರ ಬೇಗ ಉರಿದು ಮೆತ್ತನೆ ಬೂದಿ ಉಳಿದರೆ ರೇಯಾನ್. ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಬಿಸಿ ಮಣಿಯನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಹಳೆ ಸೀರೆಯಾದರೆ ಇನ್ನೊಂದು ಪರೀಕ್ಷೆ ಇದೆ. ಕಿಟಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಮಡಿಚಿಟ್ಟ ಗೆರೆಯಲ್ಲಿ ಬೆಳಕು ಜಾಸ್ತಿ ತೂರಿ ಬಂದರೆ ಅಲ್ಲಿ ಎಳೆ ಸವೆದಿದೆ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಆ ಸೀರೆ ಶರ್ಟಿಗೆ ಆಗುವುದಿಲ್ಲ. ಅದನ್ನು ವಾಪಸ್ ಬೀರುವಿನಲ್ಲಿಡಿ, ಅಮ್ಮನಿಗೂ ಸಮಾಧಾನ.

ಮೊದಲ ಸಲವೇ ಜಾರ್ಜೆಟ್‌ಗೆ ಕೈ ಹಾಕಬೇಡಿ. ಜಾರುವುದರ ಜೊತೆ ಒಳಗಿನ ಮಾರ್ಜಿನ್ ಎಲ್ಲ ಹೊರಗೆ ಕಾಣುತ್ತದೆ. ರೇಯಾನ್‌ನಿಂದ ಶುರು ಮಾಡುವುದು ಒಳ್ಳೆಯದು. ಅದು ಗಂಜಿಯ ಮಾತು ಕೇಳುತ್ತದೆ.

## ಹಂತ 2: ತೊಳೆಯಿರಿ, ಆಮೇಲೆ ಗಂಜಿ ಹಾಕಿ

ನಮ್ಮ ಪಕ್ಕದ ಶಿಡ್ಲಘಟ್ಟದಲ್ಲಿ ಗೂಡು ಬಿಚ್ಚಿ ತೆಗೆದ ಕಚ್ಚಾ ರೇಷ್ಮೆ ನೂಲನ್ನು ಕೈಯಲ್ಲಿ ಹಿಡಿದಿದ್ದೀರಾ? ಒರಟಾಗಿರುತ್ತದೆ, ಬಿರುಸು. ಹುಳು ಸುತ್ತಿದ ನೂಲಿನ ತೂಕದಲ್ಲಿ ನಾಲ್ಕನೇ ಒಂದು ಭಾಗದಷ್ಟು ಸೆರಿಸಿನ್ ಅನ್ನುವ ಅಂಟೇ ಇರುತ್ತದೆ. ಸೋಪು ನೀರಲ್ಲಿ ಕುದಿಸಿ ಆ ಅಂಟು ತೆಗೆದ ಮೇಲೆಯೇ ಅದು ಮೆತ್ತಗಾಗಿ, ಹೊಳಪು ಬಂದು, ಕೈಯಿಂದ ಜಾರತೊಡಗುವುದು. ಹೊಲಿಯುವವರಿಗೆ ಬೇಕಾದದ್ದು ಆ ಬಿರುಸೇ. ಹೊಲಿದು ಮುಗಿಯುವ ತನಕ ಅದನ್ನು ಸಾಲ ತರುತ್ತೇವೆ, ಆಮೇಲೆ ತೊಳೆದು ಕಳಿಸುತ್ತೇವೆ.

ರೇಯಾನ್ ಆದರೆ ಹೀಗೆ ಮಾಡಿ. ಬಟ್ಟೆಯನ್ನು ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಕೈಯಲ್ಲೇ ಮೆಲ್ಲಗೆ ಒತ್ತಿ ತೆಗೆದು ಒಣಗಿಸಿ. ಒಂದು ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗಿದರೆ ಆಶ್ಚರ್ಯವಿಲ್ಲ. ಈಗಲೇ ಕುಗ್ಗಲಿ ಬಿಡಿ. ಶರ್ಟ್ ಆದ ಮೇಲೆ ಕುಗ್ಗಿದರೆ ಅಳುವುದು ನೀವೇ ಅಲ್ವಾ. ಒದ್ದೆ ರೇಯಾನ್ ಬಹಳ ಮೆದು. ಹಿಂಡಿದರೆ, ಕೊಡವಿದರೆ ಎಳೆ ಹರಿಯುತ್ತದೆ.

ಗಂಜಿಗೆ ಎರಡು ಚಮಚ ಸಬ್ಬಕ್ಕಿಯನ್ನು ಒಂದು ಲೀಟರ್ ನೀರಲ್ಲಿ ಕಾಳು ಪೂರ್ತಿ ಪಾರದರ್ಶಕ ಆಗುವ ತನಕ ಕುದಿಸಿ. ಮಲ್‌ಮಲ್‌ನಲ್ಲಿ ಸೋಸಿ. ಸೋಸದೆ ಬಿಟ್ಟರೆ ಗಂಟು ಬಟ್ಟೆಗೆ ಅಂಟಿ ಇಸ್ತ್ರಿಗೆ ಕಪ್ಪಾಗುತ್ತದೆ. ಉಗುರುಬೆಚ್ಚಗಾದ ಮೇಲೆ ಬಟ್ಟೆ ಅದ್ದಿ, ಎಲ್ಲ ಕಡೆ ಸಮನಾಗಿ ನೆನೆಸಿ, ಒತ್ತಿ ತೆಗೆದು ನೆರಳಲ್ಲಿ ಹಾಕಿ.

ಇಲ್ಲೇ ಬಹಳ ಜನ ಎಡವುತ್ತಾರೆ. ಹಗ್ಗದ ಮೇಲೆ ಹೇಗೆಂದರೆ ಹಾಗೆ ಎಸೆದು ಹೋಗುತ್ತಾರೆ. ಬಟ್ಟೆ ಸೊಟ್ಟಗೆ ಒಣಗಿದರೆ ಗಂಜಿ ಅದನ್ನು ಸೊಟ್ಟಗೇ ಗಟ್ಟಿ ಮಾಡುತ್ತದೆ. ಆಮೇಲೆ ಎಷ್ಟು ಎಳೆದರೂ ನೇರ ಆಗುವುದಿಲ್ಲ, ಮತ್ತೆ ನೆನೆಸಬೇಕು. ಅಂಚು ಅಂಚಿಗೆ ಕೂಡಿಸಿ, ದಪ್ಪ ಬಿದಿರು ಕೋಲು ಅಥವಾ ಪೈಪ್ ಮೇಲೆ ಹರವಿ. ಸ್ವಲ್ಪ ತೇವ ಇರುವಾಗಲೇ ತೆಗೆದು, ಅಂಚಿನ ಉದ್ದಕ್ಕೆ ಇಸ್ತ್ರಿ ಮಾಡಿ. ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಉಜ್ಜಬೇಡಿ.

ಸರಿಯಾಗಿ ಹಿಡಿದ ಗಂಜಿಯ ಗುರುತು: ಬಟ್ಟೆಯ ಮೂಲೆ ಹಿಡಿದು ಎತ್ತಿದರೆ ಅದು ಕಾಗದದ ಥರ ಒಂದು ಕ್ಷಣ ನಿಂತು ಆಮೇಲೆ ಬಾಗುತ್ತದೆ.

ರೇಷ್ಮೆ ಕ್ರೇಪ್ ವಿಷಯ ಬೇರೆ. ಅದರ ನೂಲನ್ನು ಜೋರಾಗಿ ಹುರಿ ಮಾಡಿರುತ್ತಾರೆ. ನೀರು ಬಿದ್ದರೆ ಹುರಿ ಬಿಗಿದು ಬಟ್ಟೆ ಮುದುಡುತ್ತದೆ. ಮೊದಲು ಒಂದು ಗೇಣಿನ ಚೌಕ ಕತ್ತರಿಸಿ, ಅಳತೆ ಬರೆದಿಟ್ಟು, ನೀರಲ್ಲಿ ಅದ್ದಿ ಒಣಗಿಸಿ. ಕುಗ್ಗಿದರೆ ಅಥವಾ ಬಣ್ಣ ಬಿಟ್ಟರೆ ಗಂಜಿ ಆಸೆ ಬಿಟ್ಟುಬಿಡಿ. ಆ ಶರ್ಟ್ ಮುಂದೆಯೂ ಡ್ರೈ ಕ್ಲೀನ್‌ಗೇ ಹೋಗಬೇಕು. ಪಾಲಿಯೆಸ್ಟರ್ ಸ್ಯಾಟಿನ್ ಅಂತೂ ಗಂಜಿ ಕುಡಿಯುವುದೇ ಇಲ್ಲ, ಮೇಲೆ ಮೇಲೆ ಪುಡಿ ಕೂರುತ್ತದೆ. ಇವೆರಡಕ್ಕೂ ಪೇಪರ್ ದಾರಿ ಇದೆ, ಮುಂದೆ ಹೇಳುತ್ತೇನೆ.

ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಇಡಬೇಡಿ. ಜಿರಳೆಗೆ ಹಬ್ಬ.

## ಹಂತ 3: ನೆಲದ ಮೇಲೆ ನೇರ ಮಾಡಿ

ಮೊದಲ ಕೆಲಸ, ಫ್ಯಾನ್ ಆಫ್ ಮಾಡಿ. ನಗಬೇಡಿ. ಒಂದು ಸುತ್ತು ಫ್ಯಾನ್ ಗಾಳಿಗೆ ಸ್ಯಾಟಿನ್ ಎರಡು ಇಂಚು ಸರಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದ ಮೇಲೆ ಬಟ್ಟೆ ನೇರ ಹಾಕಿದರೆ ಅದು ಮಂಜುಗಡ್ಡೆ ಮೇಲಿಟ್ಟ ಹಾಗೆ. ಕೆಳಗೆ ಒಂದು ಚೌಕಳಿ ಕಾಟನ್ ಬೆಡ್‌ಶೀಟ್ ಹಾಸಿ, ನಾಲ್ಕು ಮೂಲೆಗೂ ಭಾರ ಇಟ್ಟು ಬಿಗಿ ಮಾಡಿ. ಕಾಟನ್ ಹಿಡಿದುಕೊಳ್ಳುತ್ತದೆ. ಚೌಕಳಿ ಗೆರೆಗಳು ಸ್ಕೇಲ್ ಥರ ಕೆಲಸ ಮಾಡುತ್ತವೆ. ದುಡ್ಡು ಕೊಟ್ಟು ತರುವ ಕಟಿಂಗ್ ಮ್ಯಾಟ್‌ಗಿಂತ ನನಗೆ ಇದೇ ಇಷ್ಟ.

ಬಟ್ಟೆಯ ತುದಿಯಲ್ಲಿ ಸಣ್ಣ ಕತ್ತರಿ ಹಾಕಿ, ಒಂದು ಅಡ್ಡ ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಹೋದ ಕಡೆ ತೆಳು ಗೆರೆ ಬೀಳುತ್ತದೆ. ಆ ಗೆರೆ ಹಿಡಿದು ಕತ್ತರಿಸಿದರೆ ಹೊಕ್ಕು, ಅಂದರೆ ಅಡ್ಡ ಎಳೆ, ನೇರ ಸಿಗುತ್ತದೆ. ಅಂಗಡಿಯವರು ಕತ್ತರಿಸಿ ಕೊಟ್ಟ ತುದಿಯನ್ನು ನಂಬಬೇಡಿ. ನಂತರ ಉದ್ದದ ಅಂಚನ್ನು ಬೆಡ್‌ಶೀಟಿನ ಒಂದು ಗೆರೆಗೆ, ನೇರ ಮಾಡಿದ ತುದಿಯನ್ನು ಅಡ್ಡ ಗೆರೆಗೆ ಕೂಡಿಸಿ. ಅಂಗೈಯಿಂದ ತಟ್ಟಿ ತಟ್ಟಿ ಸರಿಸಿ, ಎಳೆಯಬೇಡಿ. ಕೂತ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಕಾಫಿ ಕುಡಿದು ಬನ್ನಿ. ಬಟ್ಟೆ ಬಿಗಿ ಬಿಟ್ಟು ತನ್ನ ಜಾಗಕ್ಕೆ ಬಂದಿರುತ್ತದೆ.

ಪೇಪರ್ ದಾರಿ ಹಿಡಿಯುವವರು ಬೆಡ್‌ಶೀಟ್ ಮೇಲೆ ತೆಳು ಪೇಪರ್ ಹಾಸಿ, ಅದರ ಮೇಲೆ ಸ್ಕೇಲಿಟ್ಟು ಉದ್ದ ಒಂದು, ಅಡ್ಡ ಒಂದು ಗೆರೆ ಎಳೆಯಿರಿ. ಬಟ್ಟೆಯನ್ನು ಆ ಗೆರೆಗೆ ಕೂಡಿಸಿ ಅಂಚಿನಲ್ಲಿ ಮಾತ್ರ ಪಿನ್ ಮಾಡಿ. ಮೇಲೊಂದು ಪೇಪರ್ ಹಾಕಿ. ಮೂರನ್ನೂ ಒಟ್ಟಿಗೆ ಕತ್ತರಿಸುವುದು. ಕತ್ತರಿ ಬೇಗ ಮೊಂಡಾಗುತ್ತದೆ, ನಿಜ. ಶರ್ಟ್ ಹಾಳಾಗುವುದಕ್ಕಿಂತ ಮತ್ತೊಮ್ಮೆ ಸಾಣೆ ಹಿಡಿಸುವುದು ಅಗ್ಗ.

## ಹಂತ 4: ಒಂದೇ ಪದರದಲ್ಲಿ ಕತ್ತರಿಸಿ

ಕಾಟನ್ ಥರ ಮಡಿಚಿ ಎರಡು ಪದರ ಕತ್ತರಿಸಬೇಡಿ. ಮೇಲಿನದು ನೇರ ಬರುತ್ತದೆ, ಕೆಳಗಿನದು ಕಣ್ಣಿಗೆ ಕಾಣದೆ ಸರಿದಿರುತ್ತದೆ. ಮುಂಭಾಗ ಎರಡು ಅಳತೆ ಆಗುವುದು ಹೀಗೆಯೇ.

ಅಂದರೆ ಪ್ಯಾಟರ್ನ್ ಕೂಡ ಪೂರ್ತಿ ಬೇಕು. ಬೆನ್ನಿನ ಭಾಗ ಅರ್ಧ ಇದ್ದರೆ ಪೇಪರ್ ಅಂಟಿಸಿ ಪೂರ್ತಿ ಮಾಡಿ. ಎಡ ಮುಂಭಾಗ, ಬಲ ಮುಂಭಾಗ, ಎಡ ತೋಳು, ಬಲ ತೋಳು ಎಲ್ಲಕ್ಕೂ ಬೇರೆ ಬೇರೆ ಪೇಪರ್. ದೊಡ್ಡದಾಗಿ ಹೆಸರು ಬರೆಯಿರಿ.

ಈ ಬುದ್ಧಿ ನನಗೆ ಒಂದು ಗೃಹಪ್ರವೇಶದ ಹಿಂದಿನ ರಾತ್ರಿ ಬಂತು. ಅಣ್ಣನ ಮಗನಿಗೆ ಕಡುನೀಲಿ ಸ್ಯಾಟಿನ್ ಶರ್ಟ್. ಒಂದು ಮುಂಭಾಗ ಕತ್ತರಿಸಿ, ಅದೇ ಪೇಪರನ್ನು ತಿರುಗಿಸದೆ ಪಕ್ಕಕ್ಕೆ ಸರಿಸಿ ಇನ್ನೊಂದನ್ನೂ ಕತ್ತರಿಸಿದೆ. ಎರಡೂ ಎಡಗಡೆ! ಕಾಟನ್ ಆಗಿದ್ದರೆ ಬಟ್ಟೆ ಮಗುಚಿ ಹಾಕಿ ದಾಟಿಬಿಡಬಹುದಿತ್ತು. ಸ್ಯಾಟಿನ್‌ನ ಒಂದು ಮಗ್ಗುಲು ಹೊಳಪು, ಇನ್ನೊಂದು ಮಂಕು. ಹುಡುಗ ಮಾರನೇ ದಿನ ಹಳೆ ಬಿಳಿ ಶರ್ಟಲ್ಲೇ ಓಡಾಡಿದ.

ಎಲ್ಲ ತುಂಡಿನ ತಲೆಯೂ ಒಂದೇ ದಿಕ್ಕಿಗಿರಲಿ. ಸ್ಯಾಟಿನ್‌ನಲ್ಲಿ ತಲೆಕೆಳಗಾದ ತೋಳು ಬೇರೆ ಬಣ್ಣದ ಹಾಗೆ ಕಾಣುತ್ತದೆ.

ಮಾರ್ಜಿನ್ ಹೀಗಿಡಿ: ಬದಿಗೆ ಮತ್ತು ತೋಳಿನ ಕೆಳಗೆ 1.5 ಸೆಂಟಿಮೀಟರ್, ಭುಜ, ಕುತ್ತಿಗೆ, ತೋಳಿನ ಸುತ್ತಿಗೆ 1 ಸೆಂಟಿಮೀಟರ್. ಎದೆಯ ಸುತ್ತಳತೆಗೆ ಕನಿಷ್ಠ 5 ಇಂಚು ಸಡಿಲ ಬೇಕು. ಬಿಗಿ ಇಟ್ಟರೆ ಕೈ ಮುಂದೆ ಚಾಚಿದಾಗ ಬೆನ್ನಿನ ಹೊಲಿಗೆ ಪಕ್ಕ ಎಳೆಗಳು ಸರಿದು ಬಾಯಿ ಬಿಡುತ್ತವೆ. ದಾರ ಕಿತ್ತಿರುವುದಿಲ್ಲ, ಬಟ್ಟೆಯೇ ಜಾರಿರುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಪೇಪರ್ ಮೇಲೆ ಲೋಟಗಳನ್ನಿಡಿ. ಪಿನ್ ಹಾಕಲೇಬೇಕಾದರೆ ಮಾರ್ಜಿನ್ ಒಳಗೆ ಮಾತ್ರ, ಸ್ಯಾಟಿನ್‌ನಲ್ಲಿ ಪಿನ್ನಿನ ತೂತು ಉಳಿದುಬಿಡುತ್ತದೆ. ಕತ್ತರಿಯ ಕೆಳ ಬಾಯಿ ನೆಲ ಬಿಡಬಾರದು. ಉದ್ದುದ್ದ ಕತ್ತರಿಸಿ. ಬಟ್ಟೆ ತಿರುಗಿಸಬೇಡಿ, ನೀವೇ ಸುತ್ತ ತಿರುಗಿ. ಮಂಡಿ ನೋಯುತ್ತದೆ, ಏನು ಮಾಡೋದು.

ಕಾಲರ್ ಮತ್ತು ಕಾಲರ್ ಪಟ್ಟಿ ಈಗ ಕತ್ತರಿಸಬೇಡಿ. ಕಾರಣ ಹಂತ 7ರಲ್ಲಿದೆ.

## ಹಂತ 5: ಅಲುಗಾಡಿಸದೆ ಕುತ್ತಿಗೆ ಕಟ್ಟಿ

ಕತ್ತರಿಸಿದ ತುಂಡನ್ನು ಎತ್ತಿ ಹಿಡಿದು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಕುತ್ತಿಗೆಯ ಗುಂಡಗಿನ ಭಾಗ ಎಳೆಗೆ ಓರೆಯಾಗಿರುವುದರಿಂದ ಒಮ್ಮೆ ಎತ್ತಿದರೂ ಸಾಕು, ಹಿಗ್ಗುತ್ತದೆ. ಪೇಪರ್ ಸಮೇತ ಮಷಿನ್ ಹತ್ತಿರ ಒಯ್ಯಿರಿ. ಕುತ್ತಿಗೆ, ತೋಳಿನ ಸುತ್ತು, ಭುಜ ಈ ಮೂರು ಕಡೆ ತುದಿಯಿಂದ ಅರ್ಧ ಸೆಂಟಿಮೀಟರ್ ಒಳಗೆ ಒಂದು ಪದರದ ಮೇಲೇ ಒಂದು ಸಾಲು ಹೊಲಿಗೆ ಹಾಕಿ. ಕುತ್ತಿಗೆಯಲ್ಲಿ ಭುಜದಿಂದ ನಡುವಿಗೆ ಬನ್ನಿ, ಆಮೇಲೆ ಇನ್ನೊಂದು ಭುಜದಿಂದ ನಡುವಿಗೆ. ಹೊಲಿದ ಮೇಲೆ ಪ್ಯಾಟರ್ನ್ ಮೇಲಿಟ್ಟು ನೋಡಿ. ಹಿಗ್ಗಿದ್ದರೆ ಒಂದು ದಾರ ಮೆಲ್ಲಗೆ ಎಳೆದು ಅಳತೆಗೆ ತನ್ನಿ.

## ಹಂತ 6: ಮಷಿನ್ ಪಳಗಿಸಿ

ಹೊಸ ಸೂಜಿ ಹಾಕಿ. ಹೊಲಿಗೆ ಇಂಚಿಗೆ 12 ಬರಲಿ. ಮೇಲಿನ ದಾರದ ಬಿಗಿ ಸ್ವಲ್ಪ ಸಡಿಲಿಸಿ. ಪಾದದ ಒತ್ತಡದ ತಿರುಪು ನಿಮ್ಮ ಮಷಿನ್ ತಲೆ ಮೇಲಿದ್ದರೆ ಅದನ್ನೂ ಒಂದು ಸುತ್ತು ಸಡಿಲಿಸಿ. ಇದನ್ನು ಯಾರೂ ಮುಟ್ಟುವುದಿಲ್ಲ. ಒತ್ತಡ ಜಾಸ್ತಿ ಇದ್ದರೆ ಪಾದ ಮೇಲಿನ ಪದರವನ್ನು ಮುಂದಕ್ಕೆ ತಳ್ಳುತ್ತದೆ, ಹಲ್ಲು ಕೆಳಗಿನದನ್ನು ಹಿಂದಕ್ಕೆ ಎಳೆಯುತ್ತದೆ. ಕೊನೆಯಲ್ಲಿ ಮೇಲಿನದು ಉದ್ದ ಉಳಿಯುತ್ತದೆ.

ಜಿಗ್‌ಜಾಗ್ ಮಷಿನ್ ಆದರೆ ಸೂಜಿ ತಟ್ಟೆಯ ತೂತು ಅಗಲ. ತೆಳು ಬಟ್ಟೆಯನ್ನು ಒಳಗೆ ನುಂಗಿಬಿಡುತ್ತದೆ. ನೇರ ಹೊಲಿಗೆಯ ತಟ್ಟೆ ಇದ್ದರೆ ಹಾಕಿ, ಇಲ್ಲದಿದ್ದರೆ ತೂತಿನ ಮೇಲೆ ಟೇಪ್ ಅಂಟಿಸಿ ಸೂಜಿಯಿಂದಲೇ ಸಣ್ಣ ತೂತು ಮಾಡಿ. ಜಿಗ್‌ಜಾಗ್‌ಗೆ ಹೋಗುವ ಮೊದಲು ತೆಗೆಯಲು ಮರೆಯಬೇಡಿ.

ಹೊಲಿಗೆಯನ್ನು ಬಟ್ಟೆಯ ತುದಿಯಿಂದ ಶುರು ಮಾಡಬೇಡಿ. ಒಂದು ಚೂರು ಕಾಟನ್ ಮೇಲೆ ನಾಲ್ಕು ಹೊಲಿಗೆ ಹಾಕಿ, ಹಾಗೇ ಮುಂದುವರಿದು ಶರ್ಟ್ ಬಟ್ಟೆಗೆ ಬನ್ನಿ. ಎರಡೂ ದಾರದ ತುದಿಗಳನ್ನು ಹಿಂದೆ ಹಿಡಿದುಕೊಂಡಿರಿ. ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡುವ ಬದಲು ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿ.

ಕಾಲು ಮಷಿನ್ ಇದ್ದವರಿಗೆ ಇಲ್ಲಿ ಅದೃಷ್ಟ. ಒಂದೊಂದೇ ಹೊಲಿಗೆ ಕಾಲಲ್ಲೇ ಅಳೆದು ಹಾಕಬಹುದು. ಮೋಟರ್ ಇದ್ದರೆ ಕಾಲು ಹಗುರ ಇಡಿ.

ಎರಡು ಪದರ ಸ್ಯಾಂಪಲ್ ಒಂದು ಗೇಣು ಹೊಲಿದು ನೋಡಿ. ಟಕ್ ಟಕ್ ಅಂತ ಬಟ್ಟೆ ಚುಚ್ಚುವ ಸದ್ದು ಬಂದರೆ ಸೂಜಿ ಮೊಂಡು. ಹೊಲಿಗೆಯಿಂದ ಅಡ್ಡಕ್ಕೆ ಎಳೆ ಎಳೆದ ಗೆರೆ ಬಿದ್ದರೂ ಅದೇ ಕಾರಣ. ನಡುನಡುವೆ ಹೊಲಿಗೆ ಹಾರಿದರೆ ಸೂಜಿ ತಪ್ಪಾಗಿ ಕೂತಿದೆ ಅಥವಾ ನಂಬರ್ ಸರಿಯಿಲ್ಲ. ಸಾಲು ಪೂರ್ತಿ ನೆರಿಗೆ ಬಂದರೆ ಬಿಗಿ ಇನ್ನೂ ಜಾಸ್ತಿ. ಎಲ್ಲ ಸರಿ ಮಾಡಿದರೂ ಪದರ ಸರಿಯುತ್ತಿದ್ದರೆ ಕೆಳಗೆ ಒಂದು ಇಂಚಗಲದ ಪೇಪರ್ ಪಟ್ಟಿ ಇಟ್ಟು ಹೊಲಿಯಿರಿ. ಆಮೇಲೆ ಹೊಲಿಗೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಪೇಪರ್ ಹರಿಯಿರಿ.

## ಹಂತ 7: ಜೋಡಿಸುವ ಕ್ರಮ

ಮೊದಲು ಗುಂಡಿ ಪಟ್ಟಿ. ಒಳಗೆ 3 ಸೆಂಟಿಮೀಟರ್ ಅಗಲದ ತೆಳು ಅಂಟು ಕ್ಯಾನ್ವಾಸ್ ಕೂರಿಸಿ. ಅಂಗಡಿಯಲ್ಲಿ ಸಿಗುವ ದಪ್ಪ ಬಕ್ರಂ ಹಾಕಿದರೆ ಇಡೀ ಶರ್ಟ್ ಗಾಳಿಗೆ ಹಾರಿ, ಪಟ್ಟಿ ಮಾತ್ರ ರಟ್ಟಿನ ಹಾಗೆ ನಿಂತಿರುತ್ತದೆ. ಇಸ್ತ್ರಿಯನ್ನು ಉಜ್ಜಬೇಡಿ. ಮೇಲೆ ಮಲ್‌ಮಲ್ ಹಾಕಿ, ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಪಾಲಿಯೆಸ್ಟರ್‌ಗೆ ಕಡಿಮೆ ಬಿಸಿ, ರೇಷ್ಮೆಗೆ ಅದಕ್ಕಿಂತ ಸ್ವಲ್ಪ ಜಾಸ್ತಿ, ರೇಯಾನ್‌ಗೆ ಮಧ್ಯಮ. ಚೂರಿನ ಮೇಲೆ ನೋಡದೆ ಶರ್ಟ್ ಮೇಲೆ ಇಡಬೇಡಿ. ರೇಷ್ಮೆ ಮೇಲೆ ನೀರು ಚಿಮುಕಿಸಬೇಡಿ, ಹನಿಯ ಗುರುತು ಉಳಿಯಬಹುದು. ಎರಡೂ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೇ ಹೊಲಿಯಿರಿ. ಒಂದು ಮೇಲಿಂದ, ಒಂದು ಕೆಳಗಿಂದ ಹೊಲಿದರೆ ಬಟ್ಟೆ ಎರಡು ದಿಕ್ಕಿಗೆ ಸರಿದು, ಗುಂಡಿ ಹಾಕಿದಾಗ ಕೆಳಗಿನ ಅಂಚು ಹೆಚ್ಚುಕಮ್ಮಿ ಕಾಣುತ್ತದೆ.

ಜೇಬು ಈ ಸಲ ಬಿಡಿ.

ಯೋಕ್, ಅಂದರೆ ಬೆನ್ನಿನ ಮೇಲ್ಭಾಗದಲ್ಲಿ ಭುಜಕ್ಕೆ ಬರುವ ತುಂಡು, ಎರಡು ಪದರ ಇರುತ್ತದೆ ಅಲ್ವಾ, ಒಳಗಿನದನ್ನು ಅದೇ ಬಣ್ಣದ ಕಾಟನ್‌ನಲ್ಲಿ ಕತ್ತರಿಸಿ. ಹೊಲಿಯುವಾಗ ಹಿಡಿತ ಸಿಗುತ್ತದೆ, ಹಾಕಿಕೊಂಡಾಗ ಶರ್ಟ್ ಬೆನ್ನ ಹಿಂದಕ್ಕೆ ಜಾರುವುದೂ ಕಡಿಮೆಯಾಗುತ್ತದೆ. ಜಾರುವ ಬಟ್ಟೆಯ ಪದರ ಕೆಳಗೆ, ಕಾಟನ್ ಮೇಲೆ ಬರುವ ಹಾಗೆ ಇಟ್ಟು ಹೊಲಿಯಿರಿ. ಭುಜದ ಹೊಲಿಗೆ ಮುಗಿಸಿ.

ಈಗ ಕಾಲರ್. ಟೇಪನ್ನು ನಿಲ್ಲಿಸಿ ಹಿಡಿದು, ಕುತ್ತಿಗೆಯ ಹೊಲಿಗೆ ಗೆರೆಯ ಮೇಲೆ ನಡೆಸಿ ಅಳೆಯಿರಿ. ಎಷ್ಟೇ ಹುಷಾರಾಗಿದ್ದರೂ ಪ್ಯಾಟರ್ನ್‌ಗಿಂತ ನಾಲ್ಕೈದು ಮಿಲಿಮೀಟರ್ ಹೆಚ್ಚು ಬಂದಿರುತ್ತದೆ. ಕಾಲರ್ ಪಟ್ಟಿಯನ್ನು ಆ ಅಳತೆಗೆ ಕತ್ತರಿಸಿ. ಮೊದಲೇ ಕತ್ತರಿಸಿಟ್ಟವರು ಇಲ್ಲಿ ಬಟ್ಟೆ ತುರುಕಿ ತುರುಕಿ ಹೊಲಿಯುತ್ತಾರೆ, ಕತ್ತಿನ ಸುತ್ತ ಚಿಕ್ಕ ಚಿಕ್ಕ ನೆರಿಗೆ ಬೀಳುತ್ತದೆ.

ಕಾಲರ್ ತುಂಡುಗಳನ್ನು ಕತ್ತರಿಸಿ ಕ್ಯಾನ್ವಾಸ್ ಅಂಟಿಸಬೇಡಿ. ಉಲ್ಟಾ ಮಾಡಿ. ಒಂದು ದೊಡ್ಡ ಚೌಕ ಬಟ್ಟೆಗೆ ಕ್ಯಾನ್ವಾಸ್ ಅಂಟಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಅದರಲ್ಲಿ ಕಾಲರ್ ಕತ್ತರಿಸಿ. ಆಗ ಅದು ಜಾರುವ ಬಟ್ಟೆಯೇ ಅಲ್ಲ. ಗುಳ್ಳೆ ಎದ್ದಿದ್ದರೂ ಕತ್ತರಿಸುವ ಮೊದಲೇ ಗೊತ್ತಾಗುತ್ತದೆ. ಮೇಲಿನ ಕಾಲರ್ ಕೆಳಗಿನದಕ್ಕಿಂತ ಹೊರ ಅಂಚಿನಲ್ಲಿ 2 ಮಿಲಿಮೀಟರ್ ದೊಡ್ಡದಿರಲಿ, ಇಲ್ಲದಿದ್ದರೆ ಕಾಲರ್ ತುದಿ ಮೇಲಕ್ಕೆ ಮುಖ ಎತ್ತುತ್ತದೆ.

ಕಾಲರ್ ಮೂಲೆಗೆ ಬಂದಾಗ ನೇರ ತಿರುಗಬೇಡಿ. ಓರೆಯಾಗಿ ಒಂದೇ ಒಂದು ಹೊಲಿಗೆ ಹಾಕಿ ತಿರುಗಿ. ಮಾರ್ಜಿನ್ ಅರ್ಧ ಸೆಂಟಿಮೀಟರ್‌ಗೆ ಇಳಿಸಿ, ಮೂಲೆ ಚೆಕ್ಕಿ, ಮಗುಚಿ. ಕತ್ತರಿ ತುದಿಯಿಂದ ಮೂಲೆ ತಳ್ಳಿದರೆ ಸ್ಯಾಟಿನ್‌ನಲ್ಲಿ ತೂತು ಗ್ಯಾರಂಟಿ. ಹಳೆ ಊದುಬತ್ತಿ ಕಡ್ಡಿಯ ಮೊಂಡು ತುದಿ ಸಾಕು. ಕಾಲರನ್ನು ಪಟ್ಟಿಯ ಎರಡು ಪದರದ ನಡುವೆ ಇಟ್ಟು ಹೊಲಿದು, ಹೊರಗಿನ ಪಟ್ಟಿಯನ್ನು ಕುತ್ತಿಗೆಗೆ ಕೂಡಿಸಿ. ಒಳಗಿನ ಅಂಚನ್ನು ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಹಿಡಿಸಿ, ಆಮೇಲೆ ಮೇಲಿಂದ ಹೊಲಿಯಿರಿ. ಕಚ್ಚಾ ಹೊಲಿಗೆಗೆ ಹತ್ತು ನಿಮಿಷ ಹಿಡಿಯುತ್ತದೆ. ಅದನ್ನು ಉಳಿಸಲು ಹೋದರೆ ಬಿಚ್ಚಲು ಒಂದು ಗಂಟೆ. ಇದೆಲ್ಲ ಜಾಸ್ತಿ ಅನ್ನಿಸಿದರೆ ಪಟ್ಟಿ ಮಾತ್ರ ಇಟ್ಟು ಚೈನೀಸ್ ಕಾಲರ್ ಮಾಡಿ, ತಪ್ಪೇನಿಲ್ಲ.

ತೋಳನ್ನು ಬದಿ ಹೊಲಿಯುವ ಮೊದಲೇ, ಬಟ್ಟೆ ಚಪ್ಪಟೆ ಇರುವಾಗಲೇ ಕೂಡಿಸಿ. ತೋಳಿನ ತಲೆ ಸುತ್ತಿಗಿಂತ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ಪ್ಯಾಟರ್ನ್‌ನಲ್ಲೇ ಇಳಿಸಿಕೊಳ್ಳಿ. ಹೆಚ್ಚಿರುವ ತೋಳಿನ ಪದರ ಕೆಳಗಿರಲಿ. ಮಷಿನ್ ಹಲ್ಲು ಅದನ್ನು ತಾನೇ ನುಂಗಿಕೊಳ್ಳುತ್ತದೆ. ಮಾರ್ಜಿನ್ ಮೇಲೆ ಇನ್ನೊಂದು ಸಾಲು ಹೊಲಿದು ತುದಿಗೆ ಓವರ್‌ಲಾಕ್ ಅಥವಾ ಜಿಗ್‌ಜಾಗ್ ಹಾಕಿ.

ಬದಿಗೆ ಫ್ರೆಂಚ್ ಹೊಲಿಗೆ. ಒಳಮಗ್ಗುಲು ಒಳಮಗ್ಗುಲಿಗೆ ಕೂಡಿಸಿ ತುದಿಯಿಂದ 7 ಮಿಲಿಮೀಟರ್‌ಗೆ ಹೊಲಿಯಿರಿ. 3 ಮಿಲಿಮೀಟರ್ ಬಿಟ್ಟು ಉಳಿದದ್ದು ಕತ್ತರಿಸಿ. ಇಸ್ತ್ರಿ ಮಾಡಿ, ಮಗುಚಿ, 8 ಮಿಲಿಮೀಟರ್‌ಗೆ ಮತ್ತೊಮ್ಮೆ. ಹೊರಗೆ ಎಳೆಗಳು ಮೀಸೆ ಥರ ಇಣುಕಿದರೆ ಮೊದಲ ಸಲ ಸರಿಯಾಗಿ ಕತ್ತರಿಸಿಲ್ಲ ಅಂತ ಅರ್ಥ. ಕಂಕುಳಲ್ಲಿ ಎರಡೂ ಹೊಲಿಗೆ ಕೂಡುವ ಕಡೆ ಒಂದು ಪಿನ್, ಅಲ್ಲಿಂದ ಎರಡೂ ದಿಕ್ಕಿಗೆ ಹೊಲಿದುಕೊಂಡು ಹೋದರೆ ಸರಿತ ಕಡಿಮೆ.

## ಹಂತ 8: ಒಂದು ರಾತ್ರಿ ನೇತುಹಾಕಿ

ಈಗಲೇ ಕೆಳಗಿನ ಅಂಚು ಮಡಿಚಬೇಡಿ. ಹ್ಯಾಂಗರ್‌ಗೆ ಹಾಕಿ ಬೆಳಗಿನವರೆಗೆ ಬಿಡಿ. ಓರೆ ಇರುವ ಕಡೆ ಬಟ್ಟೆ ಇಳಿಯುತ್ತದೆ. ಬೆಳಿಗ್ಗೆ ಎರಡೂ ಮುಂಭಾಗ ಕೂಡಿಸಿ ಅಂಚು ಸಮ ಮಾಡಿ.

ಮೊದಲ ಶರ್ಟಿಗೆ ನೇರ ಅಂಚೇ ಇಡಿ, ಗುಂಡಗಿನ ಬಾಲ ಬೇಡ. ತುದಿಯಿಂದ 6 ಮಿಲಿಮೀಟರ್‌ಗೆ ಒಂದು ಸಾಲು ಹೊಲಿಯಿರಿ. ಆ ಸಾಲೇ ಮಡಿಕೆಯ ಗೆರೆ. ಅದನ್ನು ಹಿಡಿದು ಮಡಿಚಿ ಇಸ್ತ್ರಿ, ಮತ್ತೊಮ್ಮೆ ಮಡಿಚಿ ಇಸ್ತ್ರಿ, ಹೊಲಿಗೆ. ಕೈ ಲೆಕ್ಕದಲ್ಲಿ ಮಡಿಚುತ್ತಾ ಹೋದರೆ ಅಂಚು ಹಗ್ಗದ ಥರ ಹುರಿಗೊಳ್ಳುತ್ತದೆ. ತೋಳಿನ ಅಂಚಿಗೂ ಇದೇ ಕ್ರಮ.

## ಹಂತ 9: ಕಾಜ ಮತ್ತು ಗುಂಡಿ

ಗುಂಡಿ ಹಗುರದ್ದು, ಸಾಮಾನ್ಯ ಶರ್ಟ್ ಗುಂಡಿಯಷ್ಟೇ, ಸುಮಾರು 11 ಮಿಲಿಮೀಟರ್. ಭಾರದ ಲೋಹದ ಗುಂಡಿ ತೆಳು ಪಟ್ಟಿಯನ್ನು ಜಗ್ಗುತ್ತದೆ. ಒಂದನ್ನು ಎದೆಯ ಅತಿ ಅಗಲದ ಜಾಗಕ್ಕೆ ಗುರುತು ಮಾಡಿ, ಅಲ್ಲಿಂದ ಮೇಲೆ ಕೆಳಗೆ ಮೂರೂವರೆ ಇಂಚಿಗೊಂದು. ಕಾಲರ್ ಪಟ್ಟಿಯಲ್ಲಿ ಕಾಜ ಅಡ್ಡ, ಉಳಿದದ್ದೆಲ್ಲ ಉದ್ದ. ಗಂಡಸರ ಶರ್ಟಿಗೆ ಕಾಜ ಎಡಗಡೆ.

ಕಾಜದ ಕೆಳಗೆ ಪೇಪರ್ ಇಟ್ಟೇ ಹೊಲಿಯಿರಿ. ಅದಕ್ಕೂ ಮೊದಲು ಕ್ಯಾನ್ವಾಸ್ ಅಂಟಿಸಿದ ಚೂರಿನ ಮೇಲೆ ಎರಡು ಕಾಜ ಹಾಕಿ, ಕತ್ತರಿಸಿ, ಗುಂಡಿ ತೂರಿಸಿ ನೋಡಿ. ಕತ್ತರಿಸುವಾಗ ಎರಡೂ ತುದಿಗೆ ಒಂದೊಂದು ಪಿನ್ ಅಡ್ಡ ಚುಚ್ಚಿಟ್ಟರೆ ಬ್ಲೇಡ್ ದಾಟಿ ಹೋಗುವುದಿಲ್ಲ. ಮಷಿನ್ ಮೇಲೆ ಧೈರ್ಯ ಸಾಲದಿದ್ದರೆ ಕಾಜ ಹಾಕಿಕೊಡುವ ಅಂಗಡಿಗೆ ಕೊಡಿ. ಕೊಡುವಾಗ ಸ್ಯಾಂಪಲ್ ಚೂರನ್ನೂ ಜೊತೆಗೆ ಕೊಟ್ಟು, ಮೊದಲು ಇದರ ಮೇಲೆ ಹಾಕಿ ತೋರಿಸಿ ಅಂತ ಹೇಳಿ. ನಾನು ಒಮ್ಮೆ ಸುಮ್ನೆ ಕೊಟ್ಟು ಬಂದು, ಆರು ಕಾಜದಲ್ಲಿ ಎರಡು ಎಳೆ ಎದ್ದು ವಾಪಸ್ ಬಂದಿದ್ದವು.

ಗುಂಡಿ ಹೊಲಿದ ಮೇಲೆ, ಗಂಜಿ ಹಾಕಿದ್ದರೆ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ನೀರು ಲೋಳೆಯಾದರೆ ಚೆಲ್ಲಿ ಮತ್ತೆ ಹೊಸ ನೀರು ಹಾಕಿ. ಬೆರಳ ನಡುವೆ ಉಜ್ಜಿದಾಗ ಅಂಟು ಸಿಗದಿದ್ದರೆ ಆಯಿತು. ನೆರಳಲ್ಲಿ, ಹ್ಯಾಂಗರ್ ಮೇಲೆ, ಮೇಲಿನ ಎರಡು ಗುಂಡಿ ಹಾಕಿ ಒಣಗಿಸಿ. ಒಣಗಿದ ಮೇಲೆ ಕಾಜಗಳಲ್ಲಿ ಎದ್ದ ಎಳೆಗಳನ್ನು ಸಣ್ಣ ಕತ್ತರಿಯಲ್ಲಿ ಸವರಿ, ಕಾಲರ್ ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ.